ಆ್ಯಪ್ ಹೇಳುವುದು ಒಂದು, ಗುಂಡು ಬೀಳುವುದು ಇನ್ನೊಂದು ಕಡೆ: ದೂರದ ಶೂಟಿಂಗ್‌ನಲ್ಲಿ ತಪ್ಪು ಹುಡುಕುವ ಬಗೆ

100 ಮೀಟರ್‌ನಲ್ಲಿ ಗುಂಡುಗಳು ಒಂದರ ಮೇಲೊಂದು ಬೀಳುತ್ತವೆ. 900 ಮೀಟರ್‌ಗೆ ಹೋದರೆ, ರೈಫಲ್ ಮೇಲಿನ ಸ್ಕೋಪನ್ನು ಎಷ್ಟು ತಿರುಗಿಸಬೇಕು ಅಂತ ಲೆಕ್ಕ ಹಾಕಿ ಕೊಡುವ ಬ್ಯಾಲಿಸ್ಟಿಕ್ ಆ್ಯಪ್ ಹೇಳಿದ್ದಕ್ಕೂ ಗುಂಡು ಬಿದ್ದ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ಆಗ ತುಂಬಾ ಜನ ಮಾಡುವುದು ಒಂದೇ ಕೆಲಸ. ಆ್ಯಪ್‌ನಲ್ಲಿ ಮಝಲ್ ವೆಲಾಸಿಟಿಯನ್ನು, ಅಂದರೆ ಗುಂಡು ನಳಿಕೆ ಬಿಡುವಾಗಿನ ವೇಗವನ್ನು, ಹಿಂದೆ ಮುಂದೆ ಎಳೆದು, ಲೆಕ್ಕವನ್ನು ಹೇಗೋ ಗುಂಡಿಗೆ ಹೊಂದಿಸಿಬಿಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅವತ್ತಿಗೆ ಎಲ್ಲ ಸರಿಹೋದ ಹಾಗೆ ಕಾಣುತ್ತದೆ, ಆದರೆ ಬಿಸಿಲು ಜಾಸ್ತಿಯಾದ ದಿನ ಅಥವಾ ಬೇರೆ ಎತ್ತರದ ರೇಂಜ್‌ಗೆ ಹೋದ ದಿನ ಮತ್ತೆ ಕೈಕೊಡುತ್ತದೆ. ಅಷ್ಟರಲ್ಲಿ ಹಳೆಯ ತಪ್ಪಿನ ಜೊತೆ ನೀವೇ ಹಾಕಿದ ಹೊಸ ತಪ್ಪೂ ಸೇರಿಕೊಂಡಿರುತ್ತದೆ, ಬಿಡಿಸುವುದು ಇನ್ನೂ ಕಷ್ಟ.

ಆ್ಯಪ್ ಲೆಕ್ಕ ತಪ್ಪುವುದು ಅಪರೂಪ. ನಾವು ಕೊಟ್ಟ ಅಂಕಿ ತಪ್ಪಿರುವುದೇ ಜಾಸ್ತಿ. ಹಾಗಾಗಿ ಯಾವ ಅಂಕಿ ತಪ್ಪಿದೆ ಅಂತ ಹುಡುಕುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಾಳಿ, ಒತ್ತಡ, ಉಷ್ಣಾಂಶ ಅಳೆಯುವ ಯಾವ ಮೀಟರ್ ಕೊಳ್ಳಬೇಕು, ಯಾವ ಆ್ಯಪ್ ಹಾಕಿಕೊಳ್ಳಬೇಕು ಅನ್ನುವ ಪ್ರಶ್ನೆಗೂ ಉತ್ತರ ಇದರಲ್ಲೇ ಸಿಗುತ್ತದೆ.

ಮೊದಲು ತಪ್ಪಿನ ಆಕಾರ ನೋಡಿ

ಒಂದೇ ದೂರದಲ್ಲಿ ಹೊಡೆದು ತೀರ್ಮಾನಕ್ಕೆ ಬರಬೇಡಿ. 300, 500, 700, 900 ಮೀಟರ್ ಹೀಗೆ ನಾಲ್ಕು ದೂರದಲ್ಲಿ ಒಂದೊಂದು ಗ್ರೂಪ್ (ಒಂದೇ ಗುರಿಗೆ ಹಲವು ಗುಂಡು) ಹೊಡೆಯಿರಿ. ಪ್ರತಿ ಗ್ರೂಪಿನ ನಡುಮಧ್ಯ ಎಲ್ಲಿ ಬಿತ್ತು ಅಂತ ಮಿಲ್‌ನಲ್ಲೇ (ಕೋನದ ಅಳತೆ, 100 ಮೀಟರ್‌ನಲ್ಲಿ 1 ಮಿಲ್ ಅಂದರೆ 10 ಸೆಂ.ಮೀ.) ಬರೆದುಕೊಳ್ಳಿ, ಸೆಂಟಿಮೀಟರ್ ಬೇಡ. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಒಳ್ಳೆಯದು.

ಎಲ್ಲ ದೂರದಲ್ಲೂ ತಪ್ಪು ಹೆಚ್ಚುಕಡಿಮೆ ಅಷ್ಟೇ ಮಿಲ್ ಇದ್ದರೆ ಝೀರೋ, ಅಂದರೆ ಗುರಿ ಇಟ್ಟ ಜಾಗಕ್ಕೇ ಗುಂಡು ಬೀಳುವಂತೆ ಒಂದು ದೂರಕ್ಕೆ ಸ್ಕೋಪ್ ಹೊಂದಿಸಿದ್ದು, ಸರಿಯಿಲ್ಲ ಅಂತ ಅರ್ಥ. ಸ್ಕೋಪಿನ ಎತ್ತರ ತಪ್ಪು ಹಾಕಿದರೂ ಹೀಗೇ ಕಾಣುತ್ತದೆ. ನಳಿಕೆಯ ನಡುವಿನಿಂದ ಸ್ಕೋಪಿನ ನಡುವಿಗೆ ಇರುವ ಅಂತರದಲ್ಲಿ 1 ಸೆಂ.ಮೀ. ತಪ್ಪಿದರೆ, 100 ಮೀಟರ್ ಝೀರೋ ಇಟ್ಟುಕೊಂಡವರಿಗೆ ದೂರದಲ್ಲಿ ಸುಮಾರು 0.1 ಮಿಲ್ ವ್ಯತ್ಯಾಸ ಬರುತ್ತದೆ. ಚಿಕ್ಕದು, ಆದರೆ ಇದೆ.

ಟರೆಟ್ (ಸ್ಕೋಪಿನ ಮೇಲಿನ ತಿರುಪು) ಎಷ್ಟು ತಿರುಗಿಸಿದಿರೋ ಅದರ ಲೆಕ್ಕದಲ್ಲೇ ತಪ್ಪು ಬೆಳೆಯುತ್ತಿದ್ದರೆ, ಅಂದರೆ 4 ಮಿಲ್ ತಿರುಗಿಸಿದಾಗ 0.1, 8 ಮಿಲ್ ತಿರುಗಿಸಿದಾಗ 0.2 ಹೀಗೆ, ಸ್ಕೋಪಿನ ಕ್ಲಿಕ್ ಅಥವಾ ಮಝಲ್ ವೆಲಾಸಿಟಿ ಮೇಲೆ ಅನುಮಾನ ಪಡಿ. ಹತ್ತಿರದಲ್ಲಿ ಏನೂ ತಪ್ಪಿಲ್ಲ, 500 ಮೀಟರ್ ವರೆಗೂ ಸರಿಯಾಗಿದೆ, ಅಲ್ಲಿಂದ ಮುಂದೆ ಒಮ್ಮೆಲೇ ಕೆಡುತ್ತದೆ ಅಂದರೆ ಅದು ಗಾಳಿಯ ಸಾಂದ್ರತೆ ಅಥವಾ ಬಿ.ಸಿ. (ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಗುಂಡು ಗಾಳಿಯ ತಡೆಯನ್ನು ಎಷ್ಟು ಚೆನ್ನಾಗಿ ಮೀರುತ್ತದೆ ಅಂತ ಹೇಳುವುದು) ಅಂಕಿಯ ಕೆಲಸ. ಗಾಳಿಯ ತಡೆ ಗುಂಡನ್ನು ನಿಧಾನ ಮಾಡುತ್ತಾ ಹೋಗುತ್ತದೆ, ಅದರ ಪರಿಣಾಮ ಕೂಡುತ್ತಾ ಕೂಡುತ್ತಾ ಕೊನೆಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವಿಷಯ, ಮೀಟರ್ ಮತ್ತು ಯಾರ್ಡ್. ರೇಂಜ್‌ಫೈಂಡರ್ 900 ಮೀಟರ್ ಅಂತ ತೋರಿಸಿ, ಆ್ಯಪ್ ಅದನ್ನು 900 ಯಾರ್ಡ್ ಅಂತ ತೆಗೆದುಕೊಂಡರೆ ಅದರ ಲೆಕ್ಕದಲ್ಲಿ ಗುರಿ 823 ಮೀಟರ್‌ನಲ್ಲಿದೆ. ಗುಂಡು ಒಂದೂವರೆ ಮಿಲ್ ಆಸುಪಾಸು ಕೆಳಗೆ ಬೀಳುತ್ತದೆ. ಇಷ್ಟು ದೊಡ್ಡ ತಪ್ಪು ಕಂಡರೆ ಬೇರೆ ಏನನ್ನೂ ಮುಟ್ಟದೆ ಮೊದಲು ಯೂನಿಟ್ ಸೆಟ್ಟಿಂಗ್ ತೆರೆದು ನೋಡಿ. ಸ್ಕೋಪ್ ಮಿಲ್‌ನಲ್ಲಿದ್ದು ಆ್ಯಪ್ ಎಂಒಎ (ಕೋನದ ಇನ್ನೊಂದು ಅಳತೆ) ತೋರಿಸುತ್ತಿದ್ದರೂ ಅಷ್ಟೇ. 1 ಮಿಲ್ ಅಂದರೆ 3.44 ಎಂಒಎ, ಆ ಗೊಂದಲ ಮಾತ್ರ ತಕ್ಷಣ ಗೊತ್ತಾಗುತ್ತದೆ, ಗುಂಡು ಎಲ್ಲಿ ಹೋಯಿತೆಂದೇ ಕಾಣುವುದಿಲ್ಲ.

ಒತ್ತಡ, ತುಂಬಾ ಜನ ಎಡವುವ ಜಾಗ

ಗಾಳಿಯ ಒತ್ತಡವನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ನೀವು ನಿಂತ ಜಾಗದಲ್ಲಿ ನಿಜವಾಗಿ ಇರುವ ಒತ್ತಡ ಸ್ಟೇಷನ್ ಪ್ರೆಶರ್. ಅದನ್ನು ಸಮುದ್ರ ಮಟ್ಟದಲ್ಲಿದ್ದರೆ ಎಷ್ಟಿರುತ್ತಿತ್ತು ಅಂತ ತಿದ್ದಿ ಹೇಳುವುದು ಬ್ಯಾರೋಮೆಟ್ರಿಕ್ ಪ್ರೆಶರ್. ಹವಾಮಾನ ವರದಿಯಲ್ಲಿ ಬರುವುದು, ವಿಮಾನ ನಿಲ್ದಾಣ ಹೇಳುವುದು, ಫೋನಿನ ವೆದರ್ ಆ್ಯಪ್ ತೋರಿಸುವುದು ಎಲ್ಲ ಈ ಎರಡನೆಯದು. ಗುಂಡಿಗೆ ಸಮುದ್ರದ ಸಂಗತಿ ಗೊತ್ತಿಲ್ಲ, ಅದು ಹಾರುವುದು ನಿಮ್ಮ ಮುಂದಿನ ಗಾಳಿಯಲ್ಲಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ರೇಂಜ್ ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಸಾಧಾರಣ ದಿನ ಅಲ್ಲಿ ಸ್ಟೇಷನ್ ಪ್ರೆಶರ್ ಸುಮಾರು 910 ಹೆಕ್ಟೋಪ್ಯಾಸ್ಕಲ್ ಇರುತ್ತದೆ. ಸಮುದ್ರ ಮಟ್ಟಕ್ಕೆ ತಿದ್ದಿದರೆ 1013. ಈಗ ನೀವು 1013 ಅನ್ನು ಸ್ಟೇಷನ್ ಪ್ರೆಶರ್ ಜಾಗದಲ್ಲಿ ತುಂಬಿದರೆ, ಗಾಳಿ ಇರುವುದಕ್ಕಿಂತ ಶೇ. 11ರಷ್ಟು ದಟ್ಟ ಅಂತ ಆ್ಯಪ್ ನಂಬುತ್ತದೆ. ಜಾಸ್ತಿ ಎತ್ತಿಸುತ್ತದೆ. ಗುಂಡು ಮೇಲೆ ಹೋಗುತ್ತದೆ. .308 ಕಾರ್ಟ್ರಿಡ್ಜ್‌ನ 175 ಗ್ರೇನ್ ತೂಕದ ಗುಂಡಿಗೆ 1000 ಯಾರ್ಡ್ ದೂರದಲ್ಲಿ ಇದು ಮುಕ್ಕಾಲರಿಂದ ಒಂದು ಮಿಲ್ ವರೆಗೂ ಬರಬಹುದು, ಅಂದರೆ 70ರಿಂದ 90 ಸೆಂ.ಮೀ.

ಉಲ್ಟಾ ತಪ್ಪೂ ಇದೆ. ಮೀಟರ್ 910 ಅಂತ ಸರಿಯಾಗಿಯೇ ಹೇಳಿದೆ, ನೀವು ಅದನ್ನು ಹಾಕಿ, ಜೊತೆಗೆ ಎತ್ತರ 900 ಮೀಟರ್ ಅಂತಲೂ ತುಂಬಿದಿರಿ. ಆ್ಯಪ್ 910 ಅನ್ನು ಸಮುದ್ರ ಮಟ್ಟದ ಅಂಕಿ ಅಂದುಕೊಂಡು ಇನ್ನೊಮ್ಮೆ ಇಳಿಸುತ್ತದೆ, 817ರ ಹತ್ತಿರ ಬಂದು ನಿಲ್ಲುತ್ತದೆ. ಈಗ ಅದರ ಲೆಕ್ಕದಲ್ಲಿ ಗಾಳಿ ತೀರಾ ತೆಳು. ಗುಂಡು ಕೆಳಗೆ ಬೀಳುತ್ತದೆ. ಹಾಗಾಗಿ ದೂರದಲ್ಲಿ ಮಾತ್ರ ಮೇಲೆ ಹೋಗುತ್ತಿದ್ದರೆ ಮೊದಲನೆಯ ತಪ್ಪು, ದೂರದಲ್ಲಿ ಮಾತ್ರ ಕೆಳಗೆ ಬೀಳುತ್ತಿದ್ದರೆ ಎರಡನೆಯ ತಪ್ಪು ಅಂತ ಹಿಡಿದು ಹುಡುಕಿ. ಎತ್ತರದ ರೇಂಜ್‌ಗಳಲ್ಲಿ ಇದು ಅಷ್ಟು ಚೊಕ್ಕವಾಗಿ ಹೊಂದುತ್ತದೆ. ಸಮುದ್ರದ ಪಕ್ಕದ ರೇಂಜ್‌ನಲ್ಲಿ ಎರಡೂ ಅಂಕಿ ಒಂದೇ ಆಗಿರುವುದರಿಂದ ಸೆಟ್ಟಿಂಗ್ ತಪ್ಪಿದ್ದರೂ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ, ಬೆಟ್ಟದ ಕಡೆ ಹೋದ ದಿನ ಬಯಲಾಗುತ್ತದೆ.

ಮೀಟರ್ ತೋರಿಸುವ ಒತ್ತಡ ನಂಬಬಹುದಾ ಅಂತ ಪರೀಕ್ಷಿಸುವುದು ಸುಲಭ. ಹತ್ತಿರದ ವಿಮಾನ ನಿಲ್ದಾಣದ ಒತ್ತಡ ತೆಗೆದುಕೊಳ್ಳಿ. ನೀವು ನಿಂತ ಎತ್ತರವನ್ನು ಮೀಟರ್‌ನಲ್ಲಿ 8.7ರಿಂದ ಭಾಗಿಸಿ ಅದರಲ್ಲಿ ಕಳೆಯಿರಿ. 900 ಮೀಟರ್ ಆಸುಪಾಸಿನಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ, ತಗ್ಗಿನಲ್ಲಿದ್ದರೆ 8.4 ಸಾಕು. ಬಂದ ಅಂಕಿಗೂ ಮೀಟರಿನ ಸ್ಟೇಷನ್ ಪ್ರೆಶರ್‌ಗೂ ಎರಡು ಮೂರು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸ ಇದ್ದರೆ ಚಿಂತೆ ಬೇಡ. 100 ವ್ಯತ್ಯಾಸ ಇದ್ದರೆ ನೀವು ನೋಡುತ್ತಿರುವುದು ಬೇರೆ ಒತ್ತಡ. ಕೆಸ್ಟ್ರೆಲ್ ಮೀಟರ್‌ಗಳಲ್ಲಿ ಬ್ಯಾರೋ ಪುಟದ ಉಲ್ಲೇಖ ಎತ್ತರವನ್ನು 0 ಮಾಡಿದರೆ ಅಲ್ಲಿ ಕಾಣುವುದೇ ಸ್ಟೇಷನ್ ಪ್ರೆಶರ್, ಹಳೆಯ ಮಾಡೆಲ್ ಇಟ್ಟುಕೊಂಡವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಯನ್ನು ಎತ್ತರವಾಗಿ ಹೇಳುವ ಅಂಕಿ) ಬಳಸುವವರಿಗೂ ಒಂದು ಮಾತು. ಅದರಲ್ಲಿ ಒತ್ತಡ, ಉಷ್ಣಾಂಶ, ತೇವ ಮೂರೂ ಸೇರಿಹೋಗಿವೆ. ಅದನ್ನು ಹಾಕಿದ ಮೇಲೆ ಬೇರೆ ಎತ್ತರ, ಬೇರೆ ಒತ್ತಡ ಹಾಕಲೇಬಾರದು.

ಉಷ್ಣಾಂಶ ಮತ್ತು ತೇವ

ಮೀಟರನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು, ಅಲ್ಲಿಂದ ತೆಗೆದ ತಕ್ಷಣ ಓದಿದರೆ ಅದು ಹೇಳುವುದು ಕಾರಿನ ಉಷ್ಣಾಂಶ. ಕಿಸೆಯಲ್ಲಿ ಇಟ್ಟುಕೊಂಡಿದ್ದರೆ ನಿಮ್ಮ ಮೈಯ ಉಷ್ಣಾಂಶ. ನೆರಳಿನಲ್ಲಿ ಹಿಡಿದು, ದಾರದಿಂದ ನಿಧಾನವಾಗಿ ಬೀಸಿ ಗಾಳಿ ಆಡಲು ಬಿಡಿ. ಅಂಕಿ ಇಳಿಯುವುದು ನಿಂತ ಮೇಲೆ ಮಾತ್ರ ಬರೆದುಕೊಳ್ಳಿ. 10 ಡಿಗ್ರಿ ಜಾಸ್ತಿ ತೋರಿಸಿದರೆ ಸಾಂದ್ರತೆ ಶೇ. 3ಕ್ಕಿಂತ ಸ್ವಲ್ಪ ಜಾಸ್ತಿ ತಪ್ಪುತ್ತದೆ, ಗುಂಡು ಕೆಳಗೆ ಬೀಳುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಂದರೆ ಇದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಆ್ಯಪ್‌ನಲ್ಲಿ ಪೌಡರ್ (ಕಾರ್ಟ್ರಿಡ್ಜ್ ಒಳಗಿನ ಮದ್ದು, ಬಿಸಿಯಾದರೆ ಗುಂಡಿನ ವೇಗ ಏರುತ್ತದೆ) ಉಷ್ಣಾಂಶದ ಟೇಬಲ್ ಹಾಕಿಟ್ಟಿದ್ದರೆ ಅದೇ ತಪ್ಪು ಉಷ್ಣಾಂಶದಿಂದ ಮಝಲ್ ವೆಲಾಸಿಟಿಯನ್ನೂ ಏರಿಸಿಬಿಡುತ್ತದೆ. ಅಂದರೆ ಗಾಳಿ ತೆಳು ಅಂತಲೂ ತಪ್ಪು, ಗುಂಡು ವೇಗ ಅಂತಲೂ ತಪ್ಪು, ಎರಡೂ ಒಂದೇ ಕಡೆಗೆ. ಇನ್ನೂ ಒಂದು: ಕಾರ್ಟ್ರಿಡ್ಜ್‌ಗಳು ಬಿಸಿಲಿನಲ್ಲಿದ್ದರೆ, ಅಥವಾ ಬಿಸಿಯಾದ ಚೇಂಬರಿನಲ್ಲಿ ಒಂದು ಗುಂಡು ಹೊತ್ತು ಕಾದಿದ್ದರೆ, ಪೌಡರ್ ನಿಜವಾಗಿಯೂ ಗಾಳಿಗಿಂತ ಬಿಸಿ ಇರುತ್ತದೆ. ಪೌಡರ್ ಉಷ್ಣಾಂಶ ಬೇರೆಯಾಗಿ ತುಂಬಲು ಬಿಡುವ ಆ್ಯಪ್ ನನಗೆ ಇಷ್ಟವಾಗುವುದು ಇದಕ್ಕೇ.

ತೇವದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಣ ಗಾಳಿಗೂ ಪೂರ್ತಿ ತೇವದ ಗಾಳಿಗೂ ಸಾಂದ್ರತೆಯಲ್ಲಿ ವ್ಯತ್ಯಾಸ ಸುಮಾರು ಒಂದೂವರೆ ಶೇಕಡಾ. ತೇವದ ಗಾಳಿಯೇ ಹಗುರ, ಭಾರ ಅಲ್ಲ.

ವೇಗ ಮತ್ತು ಬಿ.ಸಿ.

ಪೆಟ್ಟಿಗೆಯ ಮೇಲೆ ಬರೆದ ವೇಗ ಕಂಪನಿಯ ನಳಿಕೆಯದು, ನಿಮ್ಮದಲ್ಲ. ನಿಮ್ಮ ರೈಫಲ್‌ನಲ್ಲೇ ಕ್ರೋನೋಗ್ರಾಫ್ ಇಟ್ಟು ಅಳೆಯಿರಿ. ನಳಿಕೆಗೆ ಕಟ್ಟುವ ಬಗೆಯ ಕ್ರೋನೋಗ್ರಾಫ್ ವೇಗ ಚೆನ್ನಾಗಿ ಹೇಳುತ್ತದೆ, ಆದರೆ ಅದು ಕಟ್ಟಿರುವಾಗ ಗುಂಡು ಬೀಳುವ ಜಾಗ ಬದಲಾಗುತ್ತದೆ, ಆ ಹೊತ್ತಿನಲ್ಲಿ ಝೀರೋ ನೋಡಬೇಡಿ. ಬೆಳಕಿನ ಮೇಲೆ ನಡೆಯುವ ಹಳೆಯ ಬಗೆಯವು ಮೋಡ ಬಿಸಿಲು ಬದಲಾದಾಗ ತಪ್ಪು ಹೇಳಬಹುದು. ರೇಡಾರ್ ಬಗೆಯವು ಬಂದ ಮೇಲೆ ಈ ಕಿರಿಕಿರಿ ತುಂಬಾ ಕಡಿಮೆಯಾಗಿದೆ. .308ಗೆ ಸೆಕೆಂಡಿಗೆ 8 ಮೀಟರ್ ತಪ್ಪಿದರೆ 1000 ಯಾರ್ಡ್‌ನಲ್ಲಿ ಸುಮಾರು 25 ಸೆಂ.ಮೀ. ಹೋಗುತ್ತದೆ.

ಬಿ.ಸಿ. ಹಾಕುವಾಗ ಜಿ1, ಜಿ7 (ಬಿ.ಸಿ. ಹೇಳುವ ಎರಡು ಮಾನದಂಡಗಳು) ಅದಲುಬದಲಾಗುವುದು ಸಾಮಾನ್ಯ. ಸಿಯೆರ್ರಾದ 175 ಗ್ರೇನ್ ಮ್ಯಾಚ್‌ಕಿಂಗ್ ತೆಗೆದುಕೊಳ್ಳಿ, ಜಿ1 ಅಂಕಿ 0.505, ಜಿ7 ಅಂಕಿ 0.243 ಆಸುಪಾಸು. 0.243 ಬರೆದು ಜಿ1 ಆರಿಸಿದರೆ ಗುಂಡು ಗುರಿಯ ಮೇಲಿಂದ ಎಲ್ಲೋ ಹೋಗುತ್ತದೆ. ಜಿ7 ಆರಿಸಿ 0.505 ಬರೆದರೆ ಗುರಿಗಿಂತ ಎಷ್ಟೋ ಮೊದಲೇ ಮಣ್ಣಿಗೆ ಬೀಳುತ್ತದೆ. ಹಿಂಭಾಗ ಕಿರಿದಾಗುವ ಉದ್ದನೆಯ ಗುಂಡುಗಳಿಗೆ ಜಿ7 ಚೆನ್ನಾಗಿ ಹೊಂದುತ್ತದೆ, ಯಾಕಂದರೆ ವೇಗ ಇಳಿದ ಹಾಗೆ ಆ ಅಂಕಿ ಅಷ್ಟಾಗಿ ಅಲುಗಾಡುವುದಿಲ್ಲ. ನಿಮ್ಮ ಗುಂಡಿಗೆ ರೇಡಾರ್‌ನಿಂದ ಅಳೆದ ಸ್ವಂತ ಡ್ರ್ಯಾಗ್ ಕರ್ವ್ (ಬೇರೆ ಬೇರೆ ವೇಗದಲ್ಲಿ ಗಾಳಿಯ ತಡೆ ಎಷ್ಟು ಅನ್ನುವುದು) ಸಿಕ್ಕರೆ ಇನ್ನೂ ಒಳ್ಳೆಯದು. ಹಾರ್ನಡಿ 4ಡಿಒಎಫ್ ಆ್ಯಪ್ ನಡೆಯುವುದೇ ಅದರ ಮೇಲೆ, ಅಪ್ಲೈಡ್ ಬ್ಯಾಲಿಸ್ಟಿಕ್ಸ್ ಆ್ಯಪ್‌ನಲ್ಲೂ ತುಂಬಾ ಗುಂಡುಗಳಿಗೆ ಇದೆ.

ಸ್ಕೋಪನ್ನು ಬಿಡಬೇಡಿ

ಮೀಟರ್, ಆ್ಯಪ್ ಎರಡನ್ನೂ ಬೈಯುವ ಮೊದಲು ಸ್ಕೋಪನ್ನು ಪರೀಕ್ಷಿಸಿ. ಟೇಪ್ ಹಿಡಿದು ಸರಿಯಾಗಿ 100 ಮೀಟರ್ ಅಳೆಯಿರಿ. ಎತ್ತರದ ಹಲಗೆಗೆ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯಿರಿ. ಕೆಳಗೆ ಗುರಿ ಇಟ್ಟು ಒಂದು ಗ್ರೂಪ್ ಹೊಡೆಯಿರಿ, 10 ಮಿಲ್ ಮೇಲೆ ತಿರುಗಿಸಿ ಅದೇ ಗುರಿ ಇಟ್ಟು ಇನ್ನೊಂದು ಗ್ರೂಪ್ ಹೊಡೆಯಿರಿ. ನಡುವಿನ ಅಂತರ 100 ಸೆಂ.ಮೀ. ಇರಬೇಕು. 98 ಬಂದರೆ ಸ್ಕೋಪ್ ಶೇ. 2 ಕಡಿಮೆ ಏರುತ್ತಿದೆ, ಸ್ಕೋಪ್ ತಿದ್ದುಪಡಿ ಜಾಗ ಇರುವ ಆ್ಯಪ್‌ನಲ್ಲಿ ಅದನ್ನೇ ಹಾಕಿ. ಇದನ್ನು ಮಾಡದೆ ವೇಗವನ್ನು ತಿದ್ದಿದರೆ ಸ್ಕೋಪಿನ ತಪ್ಪು ವೇಗದ ಹೆಸರಿನಲ್ಲಿ ಅಲ್ಲೇ ಕೂತುಬಿಡುತ್ತದೆ, ಯಾಕಂದರೆ ಎರಡೂ ಗುರಿಯ ಮೇಲೆ ಒಂದೇ ತರಹ ಕಾಣುತ್ತವೆ.

ಅದೇ ಹಲಗೆಯಲ್ಲಿ ಮೇಲಿನ ಗ್ರೂಪ್ ಗೆರೆ ಬಿಟ್ಟು ಪಕ್ಕಕ್ಕೆ ಹೋದರೆ ಸ್ಕೋಪ್ ವಾಲಿದೆ. 2 ಡಿಗ್ರಿ ವಾಲಿದ್ದರೆ 10 ಮಿಲ್ ಏರಿಸಿದಾಗ 0.35 ಮಿಲ್ ಅಡ್ಡಕ್ಕೆ ಹೋಗುತ್ತದೆ. ದೂರದಲ್ಲಿ ಅದನ್ನು ಎಲ್ಲರೂ ಗಾಳಿ ಅಂದುಕೊಳ್ಳುತ್ತಾರೆ.

ಅಡ್ಡಕ್ಕೆ ತಪ್ಪಿದರೆ

ಗಾಳಿಯೇ ಇಲ್ಲದ ಹೊತ್ತಿನಲ್ಲೂ ಯಾವಾಗಲೂ ಒಂದೇ ಕಡೆ ಹೋಗುತ್ತಿದೆಯಾ? ವಾಲಿಕೆ ಇಲ್ಲ ಅಂತ ಖಚಿತವಾದರೆ ಸ್ಪಿನ್ ಡ್ರಿಫ್ಟ್ ನೋಡಿ. ಬಲಕ್ಕೆ ತಿರುಗುವ ನಳಿಕೆಯಿಂದ ಬಂದ ಗುಂಡು ಬಲಕ್ಕೆ ಸರಿಯುತ್ತದೆ, .308ಗೆ 1000 ಯಾರ್ಡ್‌ನಲ್ಲಿ 0.2 ಮಿಲ್‌ನ ಆಚೀಚೆ. ಆ್ಯಪ್‌ನಲ್ಲಿ ಎಡ ಅಂತ ಆರಿಸಿದ್ದರೆ ತಪ್ಪು ಎರಡರಷ್ಟಾಗುತ್ತದೆ. ಭೂಮಿ ತಿರುಗುವುದರಿಂದ ಬರುವ ಕೋರಿಯೋಲಿಸ್ ಪರಿಣಾಮ ಇದಕ್ಕಿಂತ ಚಿಕ್ಕದು.

ಗಾಳಿಯಿದ್ದಾಗ ಮಾತ್ರ ತಪ್ಪುತ್ತಿದ್ದರೆ ಮೊದಲು ಮೀಟರಿನ ಚಕ್ರ ನೋಡಿ. ಗಾಳಿ ಆಡದ ಕೋಣೆಯಲ್ಲಿ ಅದು 0 ತೋರಿಸಬೇಕು. ಮೆಲ್ಲಗೆ ಊದಿ. ಸಲೀಸಾಗಿ ತಿರುಗಿ ನಿಧಾನವಾಗಿ ನಿಲ್ಲಬೇಕು. ತಟ್ಟನೆ ನಿಂತರೆ ಕೂದಲೋ ದೂಳೋ ಸಿಕ್ಕಿಕೊಂಡಿದೆ, ಅಥವಾ ಬಿದ್ದು ಬೇರಿಂಗ್ ಕೆಟ್ಟಿದೆ. ಕೆಸ್ಟ್ರೆಲ್‌ನಲ್ಲಿ ಚಕ್ರವನ್ನು ಮನೆಯಲ್ಲೇ ಬದಲಿಸಬಹುದು, ಆದ್ದರಿಂದ ಕೆಟ್ಟ ಚಕ್ರ ಇಟ್ಟುಕೊಂಡು ಒದ್ದಾಡಬೇಡಿ. ಓದುವಾಗ ಕೈ ಚಾಚಿ ಹಿಡಿಯಿರಿ, ಮೈ ಗಾಳಿಗೆ ಅಡ್ಡ ಬರಬಾರದು. ಒಂದು ಕ್ಷಣದ ಅಂಕಿ ಬೇಡ, ಅರ್ಧ ನಿಮಿಷವಾದರೂ ನೋಡಿ ಕಡಿಮೆ, ಜಾಸ್ತಿ, ಸರಾಸರಿ ಮೂರೂ ತೆಗೆದುಕೊಳ್ಳಿ.

ಆಮೇಲೆ ದಿಕ್ಕು. ಕಂಪಾಸ್ ಇರುವ ಮೀಟರಿನಲ್ಲಿ ಬ್ಯಾಟರಿ ಬದಲಿಸಿದ ಮೇಲೆ ಕಂಪಾಸನ್ನು ಮತ್ತೆ ಹೊಂದಿಸಬೇಕು, ಇದನ್ನು ಮರೆತರೆ ಬೇರೆಲ್ಲ ಸರಿ ಇದ್ದರೂ ಗಾಳಿ ಬೇರೆ ಕಡೆಯಿಂದ ಬರುತ್ತಿದೆ ಅಂತ ಲೆಕ್ಕ ಹಾಕುತ್ತದೆ. ರೈಫಲ್, ಕಾರು, ಕಬ್ಬಿಣದ ಬೆಂಚ್ ಹತ್ತಿರ ಹೊಂದಿಸಬೇಡಿ. ಗುರಿಯ ದಿಕ್ಕನ್ನು ಪ್ರತಿ ಗುರಿಗೂ ಹೊಸದಾಗಿ ಹಿಡಿಯಬೇಕು, ನಿನ್ನೆಯ ರೇಂಜಿನ ದಿಕ್ಕು ಹಾಗೇ ಉಳಿದಿರುತ್ತದೆ. ಕೈಯಿಂದ ತುಂಬುವವರು ಗಾಳಿ ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಹಾಕಬೇಕು, ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನಲ್ಲ. 45 ಡಿಗ್ರಿಯಿಂದ ಬರುವ ಗಾಳಿ ಅರ್ಧ ಅಲ್ಲ, ಅಡ್ಡಗಾಳಿಯ ಶೇ. 71. ಅರ್ಧ ಆಗುವುದು 30 ಡಿಗ್ರಿಯಲ್ಲಿ.

ಇಷ್ಟೆಲ್ಲ ಸರಿಯಿದ್ದರೂ ತಪ್ಪಿದರೆ ಅದು ಮೀಟರಿನ ದೋಷ ಅಲ್ಲ. ಅದು ಅಳೆಯುವುದು ನಿಮ್ಮ ಕೈಯ ಹತ್ತಿರದ ಗಾಳಿಯನ್ನು ಮಾತ್ರ. ನೀವು ಮರದ ಸಾಲಿನ ಹಿಂದೆ ಮಲಗಿದ್ದರೆ ಮೀಟರಿನ ಅಂಕಿಗೂ 400 ಮೀಟರ್ ಆಚೆಯ ಬಯಲಿನ ಗಾಳಿಗೂ ಹೋಲಿಕೆಯೇ ಇರುವುದಿಲ್ಲ. ಗುಂಡು ದಾರಿಯ ನಡುವೆ ನಿಮ್ಮ ತಲೆಗಿಂತ ಎಷ್ಟೋ ಮೇಲೆ ಹಾರುತ್ತದೆ, ಅಲ್ಲಿ ಗಾಳಿ ಸಾಮಾನ್ಯವಾಗಿ ಜಾಸ್ತಿ. ಹುಲ್ಲು, ಎಲೆ, ಬಿಸಿಲಿನ ಅಲೆ ನೋಡಿ ಅಂದಾಜು ಮಾಡುವ ಕಣ್ಣನ್ನು ಯಾವ ಮೀಟರೂ ಕೊಡುವುದಿಲ್ಲ, ಆದರೆ ಆ ಕಣ್ಣನ್ನು ಪಳಗಿಸಲು ಮೀಟರಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಮೊದಲು ಅಂದಾಜು ಹೇಳಿ, ಆಮೇಲೆ ಮೀಟರ್ ನೋಡಿ.

ಬಲಗಡೆಯಿಂದ ಗಾಳಿ ಬೀಸಿದಾಗ ಗುಂಡು ಸ್ವಲ್ಪ ಮೇಲೆ, ಎಡಗಡೆಯಿಂದ ಬೀಸಿದಾಗ ಸ್ವಲ್ಪ ಕೆಳಗೆ ಹೋಗುತ್ತಿದ್ದರೆ ಗಾಬರಿ ಬೇಡ. ಬಲಕ್ಕೆ ತಿರುಗುವ ನಳಿಕೆಯಲ್ಲಿ ಅದು ಸಹಜ. ಏರೋಡೈನಾಮಿಕ್ ಜಂಪ್ ಲೆಕ್ಕ ಹಾಕುವ ಆ್ಯಪ್ ಇದ್ದರೆ ಅದನ್ನು ಆನ್ ಮಾಡಿ.

ಮೀಟರ್ ಒಂದು, ಫೋನ್ ಇನ್ನೊಂದು ಹೇಳಿದರೆ

ಒಂದೇ ಅಂಕಿ ಕೊಟ್ಟರೆ ಒಳ್ಳೆಯ ಆ್ಯಪ್‌ಗಳ ನಡುವೆ ಗುಂಡು ಶಬ್ದಕ್ಕಿಂತ ವೇಗವಾಗಿರುವ (ಸೂಪರ್‌ಸಾನಿಕ್) ದೂರದಲ್ಲಿ ವ್ಯತ್ಯಾಸ ತೀರಾ ಕಡಿಮೆ. ಅರ್ಧ ಮಿಲ್ ವ್ಯತ್ಯಾಸ ಬಂದರೆ ಎರಡರಲ್ಲಿ ಅಂಕಿಗಳೇ ಬೇರೆ ಇವೆ. ರೈಫಲ್ ಪ್ರೊಫೈಲನ್ನು ಫೋನಿನಲ್ಲಿ ತಿದ್ದಿ ಮೀಟರಿಗೆ ಕಳಿಸಲು ಮರೆತಿರಬಹುದು, ಅಥವಾ ಸಿಂಕ್ ಮಾಡಿದಾಗ ಹಳೆಯದೇ ಹೊಸದರ ಮೇಲೆ ಕೂತಿರಬಹುದು. ಬ್ಲೂಟೂತ್ ಕಡಿದುಹೋದಾಗ ಕೆಲವು ಆ್ಯಪ್‌ಗಳು ಕೊನೆಯ ಓದನ್ನೇ ಹಿಡಿದುಕೊಂಡಿರುತ್ತವೆ, ಬೆಳಗಿನ ಉಷ್ಣಾಂಶದಲ್ಲಿ ಮಧ್ಯಾಹ್ನ ಹೊಡೆಯುತ್ತೀರಿ. ಓದಿನ ಪಕ್ಕದ ಸಮಯ ನೋಡಿ. ಆಗಲೂ ಬಗೆಹರಿಯದಿದ್ದರೆ ಜೆಬಿಎಂ ಬ್ಯಾಲಿಸ್ಟಿಕ್ಸ್‌ನ ಉಚಿತ ಕ್ಯಾಲ್ಕ್ಯುಲೇಟರಿನಲ್ಲಿ ಅದೇ ಅಂಕಿಗಳನ್ನು ತುಂಬಿ. ಅಲ್ಲಿ ಒತ್ತಡ ಸಮುದ್ರ ಮಟ್ಟಕ್ಕೆ ತಿದ್ದಿದ್ದಾ ಅಲ್ಲವಾ ಅಂತ ಬೇರೆಯಾಗಿ ಗುರುತು ಹಾಕುವ ಜಾಗವಿದೆ. ಅದನ್ನು ಹಾಕಿ, ತೆಗೆದು ನೋಡಿದರೆ ನಿಮ್ಮ ಎರಡು ಉತ್ತರಗಳಲ್ಲಿ ಯಾವುದು ಎಲ್ಲಿಂದ ಬಂತು ಅನ್ನುವುದು ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಏನು ಕೊಳ್ಳಬೇಕು

ಮೇಲೆ ಹೇಳಿದ್ದನ್ನೆಲ್ಲ ನೋಡಿದರೆ ಮೀಟರಿನಿಂದ ನಮಗೆ ಬೇಕಾಗಿರುವುದು ಸ್ಟೇಷನ್ ಪ್ರೆಶರ್, ನಂಬುವಂತಹ ಉಷ್ಣಾಂಶ, ಗಾಳಿಯ ವೇಗ. ತೇವ ಇದ್ದರೆ ಒಳ್ಳೆಯದು. ಇದನ್ನು ಮನಸ್ಸಿನಲ್ಲಿಟ್ಟು ನೋಡಿ. ಕೆಸ್ಟ್ರೆಲ್ 1000 ಗಾಳಿ ಮಾತ್ರ ಅಳೆಯುತ್ತದೆ. 3000ದಲ್ಲಿ ತೇವ ಇದೆ, ಒತ್ತಡ ಇಲ್ಲ. ಅದಕ್ಕಿಂತ ಚಿಕ್ಕ ನಂಬರಿನ 2500ರಲ್ಲಿ ತೇವ ಇಲ್ಲ, ಒತ್ತಡ ಇದೆ. ಶೂಟಿಂಗ್‌ಗೆ 2500 ವಾಸಿ, ನಂಬರ್ ನೋಡಿ ಮೋಸಹೋಗಬೇಡಿ. 3500ರಲ್ಲಿ ಎರಡೂ ಇವೆ. 5700 ಎಲೀಟ್‌ನಲ್ಲಿ ಅಪ್ಲೈಡ್ ಬ್ಯಾಲಿಸ್ಟಿಕ್ಸ್‌ನ ಲೆಕ್ಕವೇ ಒಳಗಿದೆ, ಫೋನ್ ಬೇಕಿಲ್ಲ.

ಲೆಕ್ಕ ಮೀಟರಿನೊಳಗೇ ಇರಬೇಕಾ? 600 ಮೀಟರ್ ಒಳಗೆ ಹೊಡೆಯುವವರಿಗೆ ಬೇಡ ಅಂತಲೇ ಹೇಳುತ್ತೇನೆ. ಒತ್ತಡ ಅಳೆಯುವ ಸಾಧಾರಣ ಮೀಟರ್, ಫೋನಿನಲ್ಲಿ ಒಂದು ಒಳ್ಳೆಯ ಆ್ಯಪ್, ಅಂಟಿಸಿಟ್ಟ ಕಾಗದದ ಚಾರ್ಟ್ ಸಾಕು. ಉಳಿದ ದುಡ್ಡಿಗೆ ಕ್ರೋನೋಗ್ರಾಫ್ ತೆಗೆದುಕೊಂಡರೆ ಗುರಿಯ ಮೇಲೆ ಅದರ ಲಾಭ ಜಾಸ್ತಿ. 800 ದಾಟಿ ಹೋಗುವವರಿಗೆ, ಬಿಸಿಲಿನಲ್ಲಿ ಫೋನ್ ಕಾದು ಆಫ್ ಆಗುವ ಜಾಗದಲ್ಲಿ ಹೊಡೆಯುವವರಿಗೆ ಮೀಟರಿನೊಳಗಿನ ಲೆಕ್ಕ ನಿಜಕ್ಕೂ ಬೆಲೆಬಾಳುತ್ತದೆ.

ಆ್ಯಪ್ ಆರಿಸುವಾಗ ನಾನು ನೋಡುವುದು ಇಷ್ಟು: ನೆಟ್‌ವರ್ಕ್ ಇಲ್ಲದೆ ನಡೆಯಬೇಕು, ಒತ್ತಡದ ಬಗೆ ಯಾವುದು ಅಂತ ಪರದೆಯ ಮೇಲೆ ಸ್ಪಷ್ಟವಾಗಿ ಬರೆದಿರಬೇಕು, ಪ್ರೊಫೈಲನ್ನು ಹೊರಗೆ ತೆಗೆದಿಡಲು ಆಗಬೇಕು. ಹವಾಮಾನವನ್ನು ಇಂಟರ್ನೆಟ್‌ನಿಂದ ತಾನೇ ತಂದು ತುಂಬುವ ಸೌಲಭ್ಯ ಇದ್ದರೆ ಅದನ್ನು ಆಫ್ ಮಾಡಿಡಿ. ಆ ಅಂಕಿ ಎಷ್ಟೋ ಕಿಲೋಮೀಟರ್ ದೂರದ ಕೇಂದ್ರದ್ದು, ಒತ್ತಡವೂ ಸಾಮಾನ್ಯವಾಗಿ ಸಮುದ್ರ ಮಟ್ಟದ್ದು. ಫೋನಿನಲ್ಲೇ ಬ್ಯಾರೋಮೀಟರ್ ಸೆನ್ಸರ್ ಇದ್ದರೆ ಅದು ಅಳೆಯುವುದು ನೀವು ನಿಂತ ಜಾಗದ ಒತ್ತಡ, ಅದನ್ನು ಬಳಸಬಹುದು.

ಕೊನೆಗೆ ಟ್ರೂಯಿಂಗ್

ಎಲ್ಲ ಅಂಕಿ ಸರಿಯಿದೆ ಅಂತ ಖಚಿತವಾದ ಮೇಲೆ ಉಳಿಯುವ ಚೂರುಪಾರು ವ್ಯತ್ಯಾಸಕ್ಕೆ ಟ್ರೂಯಿಂಗ್, ಅಂದರೆ ಗುಂಡು ಬಿದ್ದ ಜಾಗಕ್ಕೆ ಆ್ಯಪ್ ಲೆಕ್ಕವನ್ನು ಹೊಂದಿಸುವುದು. ವೇಗವನ್ನು ತಿದ್ದಬೇಕಾದ್ದು ಗುಂಡು ಮ್ಯಾಕ್ 1.2ರ (ಶಬ್ದದ ವೇಗದ 1.2 ಪಟ್ಟು) ಹತ್ತಿರ ಇಳಿಯುವ ದೂರದಲ್ಲಿ, ಎಷ್ಟು ದೂರ ಅಂತ ಆ್ಯಪ್ ತಾನೇ ಹೇಳುತ್ತದೆ. 400 ಮೀಟರ್‌ನಲ್ಲಿ ತಿದ್ದಿದರೆ ನಿಮ್ಮ ಗ್ರೂಪಿನ ಅಗಲವೇ ತಪ್ಪನ್ನು ಮುಚ್ಚಿಬಿಡುತ್ತದೆ. ಅದಕ್ಕಿಂತ ದೂರಕ್ಕೆ, ಗುಂಡು ಶಬ್ದದ ವೇಗ ದಾಟಿ ಇಳಿಯುವ ಕಡೆ, ಡ್ರಾಪ್ ಸ್ಕೇಲ್ ಫ್ಯಾಕ್ಟರ್ (ಆ್ಯಪ್ ಹೇಳಿದ ಇಳಿತವನ್ನು ದೂರಕ್ಕೆ ತಕ್ಕಂತೆ ತಿದ್ದುವ ಅಂಕಿ) ಬಳಸಿ, ವೇಗವನ್ನು ಮತ್ತೆ ಮುಟ್ಟಬೇಡಿ. ಟ್ರೂಯಿಂಗ್ ಕೇಳುವ ವೇಗ ಕ್ರೋನೋಗ್ರಾಫ್ ಹೇಳಿದ್ದಕ್ಕಿಂತ ಸೆಕೆಂಡಿಗೆ 15 ಮೀಟರ್ ಆಚೆ ಇದ್ದರೆ ಒಪ್ಪಿಕೊಳ್ಳಬೇಡಿ, ಎಲ್ಲೋ ಒಂದು ತಪ್ಪು ಇನ್ನೂ ಉಳಿದಿದೆ, ಮತ್ತೆ ಒತ್ತಡದಿಂದ ಶುರು ಮಾಡಿ.

ಗ್ರೂಪೇ ಉದ್ದುದ್ದಕ್ಕೆ ಚೆಲ್ಲುತ್ತಿದ್ದರೆ, ಅಂದರೆ ಒಂದು ಮೇಲೆ ಒಂದು ಕೆಳಗೆ, ಅದು ಆ್ಯಪಿನ ವಿಷಯವೇ ಅಲ್ಲ. ಒಂದು ಗುಂಡಿನಿಂದ ಇನ್ನೊಂದಕ್ಕೆ ವೇಗ ಬದಲಾಗುತ್ತಿದೆ. ಕಾರ್ಟ್ರಿಡ್ಜ್ ಬದಲಿಸಿ ನೋಡಿ, ಆಮೇಲೆ ಫೋನ್ ತೆಗೆಯಿರಿ.